ಬಿನ್ನವತ್ತಳೆಗೆ ಕೆಂಪು ಇಂಕು

ಹೋದ ಭಾನುವಾರ ನನ್ನ ಹಳೆಯ ಶಿಷ್ಯರೆಲ್ಲ ಸೇರಿ ನನಗೆ 85 ತುಂಬಿತು ಅಂತ ಸನ್ಮಾನ ಮಾಡಿದರು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಬಂದವರಿಗೆಲ್ಲ ಊಟ ಹಾಕಿಸಿದರು. ಕೊನೆಗೆ ಮೈಕು ನನ್ನ ಕೈಗೆ ಬಂತು. 38 ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡವಳಿಗೆ ಅವತ್ತು ಮಾತೇ ಹೊರಡಲಿಲ್ಲ. "ಎಲ್ಲರೂ ಊಟ ಮಾಡಿಕೊಂಡು ಹೋಗಿ" ಅಂದು ಕೂತುಬಿಟ್ಟೆ. ಅಲ್ಲಿ ಹೇಳಬೇಕಿದ್ದದ್ದನ್ನು ಈಗ ಹೇಳುತ್ತಿದ್ದೇನೆ. ಮೊಮ್ಮಗಳು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಾಳೆ. ಒತ್ತಕ್ಷರ ತಪ್ಪಿದ್ದರೆ ಅವಳನ್ನು ಕೇಳಿ.

ಮನೆಗೆ ಬಂದ ಮೇಲೆ ನನಗೆ ಕೊಟ್ಟ ಬಿನ್ನವತ್ತಳೆಯನ್ನು ಭೂತಗನ್ನಡಿ ಹಿಡಿದು ಓದಿದೆ. ಗಾಜು ಹಾಕಿಸಿದ್ದಾರೆ. ಇಲ್ಲದಿದ್ದರೆ ಅಲ್ಲೇ ಕೆಂಪು ಇಂಕಿನಲ್ಲಿ ತಿದ್ದುತ್ತಿದ್ದೆ. ಮೊದಲ ಸಾಲೇ "ಆರ್ದಿಕ ಅಭಿನಂದನೆಗಳು". ಹಾರ್ದಿಕ ಕಣಪ್ಪಾ, ಹಾರ್ದಿಕ! ನಮ್ಮ ಕಡೆ ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಗೊತ್ತು. ಆದರೆ ಬರೆದವನು ನನ್ನ ಹತ್ತಿರವೇ ನಾಲ್ಕು ವರ್ಷ ಕಲಿತವನು. ಆ ತಪ್ಪು ನನ್ನ ಲೆಕ್ಕಕ್ಕೇ ಇರಲಿ. ಉಳಿದ ತಪ್ಪುಗಳು ಕಾಗುಣಿತದವಲ್ಲ, ಅವನ್ನು ಸುಮ್ನೆ ಬಿಡಲಾಗುವುದಿಲ್ಲ.

"ರೈತ ಕುಟುಂಬದಲ್ಲಿ ಜನಿಸಿ, ಸ್ವಂತ ಪರಿಶ್ರಮದಿಂದ ವಿದ್ಯೆ ಗಳಿಸಿ" ಅಂತ ಎರಡನೇ ಸಾಲು. ರೈತ ಕುಟುಂಬ ನಿಜ. ಸ್ವಂತ ಪರಿಶ್ರಮ ಅನ್ನುವುದು ಶುದ್ಧ ಸುಳ್ಳು.

ನಾನು ಹುಟ್ಟಿದ್ದು 1940ರಲ್ಲಿ, ತುಮಕೂರು ಜಿಲ್ಲೆಯ ಕೊರಟಗೆರೆ ಕಡೆಯ ಹಳ್ಳಿಯಲ್ಲಿ. ರಾಗಿ, ಹುರುಳಿ, ಅವರೆ ಎಲ್ಲ ಮಳೆ ನಂಬಿದ ಬೆಳೆ. ಒಂದು ಬಾವಿ ಇತ್ತು. ಅದರ ಕೆಳಗೆ ಒಂದಿಷ್ಟು ತರಕಾರಿ, ಮೆಣಸಿನ ಗಿಡ. ಪಂಪ್‌ಸೆಟ್ಟು ಇನ್ನೂ ಬಂದಿರಲಿಲ್ಲ, ಕಪಿಲೆ ಹೊಡೆಯಬೇಕಿತ್ತು. ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ಚರ್ಮದ ಚೀಲ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಎತ್ತು ವಾಪಸ್ ಹತ್ತಿದರೆ ಚೀಲ ಮತ್ತೆ ಕೆಳಗೆ ಇಳಿಯುತ್ತದೆ. ನಮ್ಮಣ್ಣ ಹಗ್ಗದ ಮೇಲೆ ಕೂತು ಎತ್ತು ಹೊಡೆಯುತ್ತಿದ್ದ. ನಾನು ಪಾತಿಗಳಿಗೆ ನೀರು ತಿರುಗಿಸುತ್ತಿದ್ದೆ. ಒಂದು ಚೀಲ ನೀರಿಗೆ ಮಗ್ಗಿಯ ಒಂದು ಸಾಲು ಹೇಳಬೇಕು, ಅದೂ ಅವನಿಗೆ ಕೇಳಿಸುವ ಹಾಗೆ. ಇದು ಅವನೇ ಮಾಡಿದ ಕಾನೂನು. ತಪ್ಪಿದರೆ "ಮೊದ್ಲಿಂದ ಹೇಳು" ಅನ್ನುತ್ತಿದ್ದ. ಅವನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹದಿಮೂರರ ಮಗ್ಗಿ ತಪ್ಪಿದ್ದು ಅವನಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ನನ್ನ ಜೊತೆ ಅವನೂ ಒಳಗೊಳಗೇ ಕಲಿಯುತ್ತಿದ್ದ.

ಎಸ್ಸೆಸ್ಸೆಲ್ಸಿ ಆದ ಮೇಲೆ ಶಿಕ್ಷಕರ ತರಬೇತಿಗೆ ಹೋಗಬೇಕು ಅಂತ ನನ್ನ ಆಸೆ. ದುಡ್ಡಿರಲಿಲ್ಲ. ಆ ವರ್ಷ ಶಿವರಾತ್ರಿಗೆ ಅಪ್ಪ ಸಿದ್ಧಗಂಗೆಯ ದನಗಳ ಜಾತ್ರೆಗೆ ಒಂದು ಜೊತೆ ಹೋರಿ ಹೊಡೆದುಕೊಂಡು ಹೋದರು. ಅಣ್ಣ ಕರುವಿನಿಂದ ಸಾಕಿದ್ದ ಹೋರಿಗಳು. ಅವನ ಮದುವೆ ಖರ್ಚಿಗೆ ಅಂತ ಇಟ್ಟುಕೊಂಡಿದ್ದವು. ಅಪ್ಪ ವಾಪಸ್ ಬಂದಾಗ ಕೈಯಲ್ಲಿ ಹಗ್ಗ ಮಾತ್ರ ಇತ್ತು. ಅಣ್ಣ ಆ ಹಗ್ಗ ಇಸಕೊಂಡು ಗೂಟಕ್ಕೆ ನೇತುಹಾಕಿ ಹೊಲಕ್ಕೆ ಹೋದ. 1960ರಲ್ಲಿ ನನಗೆ ನೌಕರಿ ಸಿಕ್ಕಿತು. ಅವನ ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು. ಇದ್ಯಾವುದೂ ಬಿನ್ನವತ್ತಳೆಯಲ್ಲಿಲ್ಲ.

ಆಮೇಲೆ "ಅನ್ನದಾತೆ" ಅಂತ ಒಂದು ಪದ. ಅರವತ್ತರ ದಶಕದ ಉಪ್ಪಿಟ್ಟಿನ ಕತೆ ಇದು. ಅಮೆರಿಕದ ಕೇರ್ ಸಂಸ್ಥೆಯಿಂದ ಶಾಲೆಗೆ ರವೆ, ಹಾಲಿನ ಪುಡಿ ಬರುತ್ತಿತ್ತು. ನಾನು ಸೌಟು ಹಿಡಿದು ಬಡಿಸಿದ್ದು ನಿಜ. ಸೌದೆ ಆರಿಸಿ ತಂದವರು, ನೀರು ಹೊತ್ತವರು ನೀವೇ, ಮಕ್ಕಳೇ. ಬೇಯಿಸಿದವರು ಶಾಲೆ ಹಿಂದಿನ ಮನೆಯ ಅಜ್ಜಿ. ಒಗ್ಗರಣೆಗೆ ಮೆಣಸಿನಕಾಯಿ, ಕರಿಬೇವು ಅವರ ಹಿತ್ತಿಲಿನದು. ನಾನು ಬರೆಯುತ್ತಿದ್ದ ಲೆಕ್ಕದ ಪುಸ್ತಕದಲ್ಲಿ ಕರಿಬೇವಿಗೆ ಕಾಲಂ ಇರಲಿಲ್ಲ. ಆ ಅಜ್ಜಿಗೆ ನಾನು ಒಂದು ದಿನವೂ ಬಾಯಿಬಿಟ್ಟು ಉಪಕಾರ ಆಯಿತು ಅಂದವಳಲ್ಲ. ಈಗ ಅನ್ನುತ್ತಿದ್ದೇನೆ.

1971ರ ಜನಗಣತಿಯನ್ನೂ ಹೊಗಳಿದ್ದೀರಿ. ಆಗ ಹೆಂಗಸರು ಯಾರೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನಗುವುದಷ್ಟೇ. ನನ್ನ ಹಿಂದೆ ಬಾಲದ ಹಾಗೆ ಬರುತ್ತಿದ್ದ ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು ಬೀದಿಯ ಗಂಡಸರ ಹೆಸರನ್ನೆಲ್ಲ ಕೂಗಿ ಹೇಳಿ ನನ್ನ ಫಾರಂ ತುಂಬಿಸಿದವು. ಅದರಲ್ಲಿ ಒಬ್ಬ ಸರ್ಕಾರಿ ನೌಕರನಾಗಿ ಈಗ ರಿಟೈರೂ ಆಗಿದ್ದಾನೆ. ಅವತ್ತಿನ ಸಂಬಳ ಅವನಿಗೆ ಬಾಕಿ ಇದೆ.

ದೊಡ್ಡ ತಪ್ಪು ಇರುವುದು ಸಾಕ್ಷರತೆಯ ಸಾಲಿನಲ್ಲಿ. "ನೂರಾರು ಮಹಿಳೆಯರಿಗೆ ಅಕ್ಷರ ಕಲಿಸಿದ" ಅಂತ ಬರೆದಿದ್ದೀರಿ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಜಗಲಿಗೆ ರಾತ್ರಿ ಬರುತ್ತಿದ್ದವರು ಹತ್ತು ಹನ್ನೆರಡು ಜನ. ಮುದ್ದೆ ತಿರುವಿ, ಮನೆಯವರಿಗೆಲ್ಲ ಬಡಿಸಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಎಂಟೂವರೆ. ಅರ್ಧ ಜನ ಕೂತಲ್ಲೇ ತೂಕಡಿಸುತ್ತಿದ್ದರು. ನಾನು ಪುಸ್ತಕದಲ್ಲಿದ್ದ ಹಾಗೆ ಮೊದಲ ಪಾಠದಿಂದ ಶುರು ಮಾಡಿದೆ. ಒಬ್ಬಾಕೆ ಸ್ಲೇಟು ಪಕ್ಕಕ್ಕಿಟ್ಟು, "ಇದೆಲ್ಲ ಆಮ್ಯಾಕೆ ಟೀಚರಮ್ಮ, ಮಧುಗಿರಿ ಅಂತ ಬರೆದ್ರೆ ಹೆಂಗಿರ್ತದೆ ತೋರ್ಸಿ" ಅಂದಳು. ಮಗಳನ್ನು ಮಧುಗಿರಿಗೆ ಕೊಟ್ಟಿದ್ದಳು. ಬಾಣಂತನಕ್ಕೆ ಹೊರಟಾಗ ಯಾವುದೋ ಬಸ್ಸು ಹತ್ತಿ ಎಲ್ಲೋ ಇಳಿದು, ರಾತ್ರಿಯೆಲ್ಲ ಬಸ್‌ಸ್ಟಾಂಡಿನಲ್ಲಿ ಕೂತಿದ್ದಳಂತೆ.

ಮಧುಗಿರಿ ಅಂದರೆ ಮಹಾಪ್ರಾಣ, ಕೊಂಬು, ಗುಡಿಸು ಎಲ್ಲ ಒಟ್ಟಿಗೆ. ಯಾವ ಮೇಷ್ಟರೂ ಮೊದಲ ದಿನ ಕಲಿಸುವುದಿಲ್ಲ. ಆಕೆ ಮೂರೇ ದಿನಕ್ಕೆ ಕಲಿತಳು. ಉಳಿದವರೂ ತಮಗೆ ಬೇಕಾದ ಊರಿನ ಬೋರ್ಡು ಕೇಳಿದರು. ತೂಕಡಿಕೆ ನಿಂತುಹೋಯಿತು. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಪಾಠ ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಕಲಿಸಿದವಳು ಹೆಬ್ಬೆಟ್ಟಿನ ಹೆಂಗಸು. 1998ರಲ್ಲಿ ನಿವೃತ್ತಿ ಆಗುವವರೆಗೂ ಶಾಲೆಯ ಮಕ್ಕಳಿಗೂ ಹಾಗೇ ಕಲಿಸಿದೆ. ಇನ್ನೂ ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಎಷ್ಟು ಮಕ್ಕಳು ಏಟು ತಿನ್ನುವುದು ತಪ್ಪುತ್ತಿತ್ತೋ. ಹೌದು, ಹೊಡೆಯುತ್ತಿದ್ದೆ. ಭಾನುವಾರ ಅದನ್ನು ಯಾರೂ ಎತ್ತಲಿಲ್ಲ. ನಿಮ್ಮ ದೊಡ್ಡತನ.

ಪೋಲಿಯೊ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ನಾನು ಮಕ್ಕಳ ಎಡಗೈ ಕಿರುಬೆರಳಿಗೆ ಗುರುತು ಹಾಕುತ್ತಿದ್ದೆ ಅಷ್ಟೇ. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಇಟ್ಟಿಗೆ ಗೂಡಿನ ಗುಡಿಸಲುಗಳಿಗೆಲ್ಲ ನಡೆದವರು ಅಂಗನವಾಡಿ ಟೀಚರು. 2014ರಲ್ಲಿ ದೇಶ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟು ಸಿಕ್ಕಿದಾಗ ಆಕೆಗೆ ಒಂದು ಹಾರವನ್ನೂ ಯಾರೂ ಹಾಕಲಿಲ್ಲ.

ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ನನ್ನ ಸೊಂಟದ ಮೂಳೆ ಮುರಿಯಿತು. ನಮ್ಮ ಯಜಮಾನರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಪಕ್ಕದ ಮನೆಯ ಹುಡುಗ ಬಾಗಿಲು ಒಡೆದು ಒಳಗೆ ಬಂದ. ಆಸ್ಪತ್ರೆಯಿಂದ ಬಂದ ಮೇಲೆ ಮೂರು ತಿಂಗಳು ಜಗಲಿ ಸ್ಕೂಲಿನ ಹೆಂಗಸರು ಪಾಳಿ ಹಾಕಿಕೊಂಡು ಮುದ್ದೆ, ಸಾರು ತಂದರು. ಮಧುಗಿರಿಯಾಕೆ ಈಗ ಮಗಳ ಮನೆಯಲ್ಲೇ ಇದ್ದಾಳೆ. ಅವಳೂ ಬಂದಳು. "ಬೋಲ್ಡು ಓದ್ಕಂಡೇ ಬಂದೆ ಕಣ್ರಮ್ಮ" ಅಂತ ಹೊಸ್ತಿಲಲ್ಲೇ ಹೇಳಿದಳು.

ಅಣ್ಣನಿಗೆ ಈಗ 90. ಭಾನುವಾರ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಸ್ಟೇಜಿಗೆ ಕರೆಯಬೇಕು ಅಂತ ನಿಮಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಅನ್ನುವುದೇ ಬೇಜಾರು. ಬಂದ ಹನ್ನೊಂದು ಶಾಲುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಸಂಜೆ ಅವನಿಗೆ ಹೊದಿಸಿದೆ. "ಈ ಸೆಕೆಗೆ ಇದ್ಯಾಕವ್ವ" ಅಂದ. ಬಟ್ಟೆ ಮುಟ್ಟಿ ನೋಡಿ, ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಆಮೇಲೆ ಹದಿಮೂರರ ಮಗ್ಗಿ ಇನ್ನೂ ಬರುತ್ತದಾ ಅಂತ ಕೇಳಿದ.

ಶುರು ಮಾಡಿದೆ. ಹದಿಮೂರೆಂಟಕ್ಕೆ ಬಂದು ತಡವರಿಸಿದೆ.

"ಮೊದ್ಲಿಂದ ಹೇಳು" ಅಂದ.