ಅಕ್ಕನ ತಂಗಿ, ಭಾವಂದಿರ ನಾದಿನಿ: ಅಷ್ಟೆಯೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ನಾರ್ವೆ ರಂಗಭೂಮಿಯ ಲೇಖನವನ್ನು ಎರಡು ಸಲ ಓದಿದೆ. ಮುಕ್ಕಾಲು ಪುಟ ನಾಟಕಕಾರ ಇಬ್ಸೆನ್‌ಗೇ ಸಂದಿದೆ, ತಕರಾರಿಲ್ಲ. ಆದರೆ ಗಾಯಕಿ ಬೊಕ್ಕೆನ್ ಲಾಸನ್ ಅವರಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ 'ಚಿತ್ರಕಲಾವಿದೆ ಓಡಾ ಕ್ರೋಗ್ ಅವರ ತಂಗಿ' ಎಂದು. ಇದಕ್ಕೆ ಮಾತ್ರ ಸುಮ್ಮನಿರಲಾರೆ.

ಆ ಮನೆತನವೇ ಹಾಗಿತ್ತು, ಒಪ್ಪುತ್ತೇನೆ. ತಂದೆ ಸರ್ಕಾರಿ ವಕೀಲ. ಅಣ್ಣ ಪೆರ್ ಸಂಗೀತ ಸಂಯೋಜಕ, 24ಕ್ಕೇ ತೀರಿಕೊಂಡ. ಭಾವಂದಿರ ಸಾಲಿನಲ್ಲಿ ಚಿತ್ರಕಾರ ಕ್ರಿಸ್ಟಿಯನ್ ಕ್ರೋಗ್, ಇನ್ನೊಬ್ಬ ಚಿತ್ರಕಾರ ಫ್ರಿಟ್ಸ್ ಥೌಲೋವ್, ಡೆನ್ಮಾರ್ಕಿನ ಕವಿ ಹೋಲ್ಗರ್ ಡ್ರಾಕ್‌ಮನ್. ಇಷ್ಟು ಜನರ ನಡುವೆ 1871ರಲ್ಲಿ ಹುಟ್ಟಿದ ಹುಡುಗಿಯನ್ನು ಯಾರದೋ ನೆಂಟಳೆಂದು ಹೇಳಿ ಮುಗಿಸುವುದು ಸುಲಭ.

ಆಕೆ ಮಾಡಿದ್ದೇನು? ದೊಡ್ಡ ರಂಗಮಂದಿರದ ಹಂಗಿಲ್ಲದೆ, ತಾನೇ ತಂತಿ ಮೀಟಿಕೊಂಡು ಹಾಡುತ್ತ ಯುರೋಪ್ ಸುತ್ತಿದರು. ಬರ್ಲಿನ್ನಿನ ಕ್ಯಾಬರೆಯ ರುಚಿಯನ್ನೂ ಕಂಡರು. ಕ್ಯಾಬರೆ ಎಂದೊಡನೆ ನಮ್ಮ ಹಳೆಯ ಸಿನಿಮಾಗಳ ಮಿಣುಕು ಉಡುಪಿನ ಕುಣಿತ ನೆನಪಾಗುತ್ತದೆ, ಅದಲ್ಲ. ಪುಟ್ಟ ವೇದಿಕೆ, ಮೇಜುಗಳ ಸುತ್ತ ಕುಳಿತ ಜನ, ಕೈಗೆಟಕುವಷ್ಟು ಹತ್ತಿರದಲ್ಲಿ ಹಾಡುಗಾರ್ತಿ. ಅಲ್ಲಿ ಕಂಠಕ್ಕಿಂತ ಮಾತಿಗೆ ಬೆಲೆ. ಒಂದು ಶಬ್ದ ನುಂಗಿದರೂ ವ್ಯಂಗ್ಯ ಕೆಟ್ಟಂತೆ.

ಇಬ್ಸೆನ್ ತೀರಿಕೊಂಡು ಆರು ವರ್ಷಕ್ಕೆ, 1912ರಲ್ಲಿ, ಬೊಕ್ಕೆನ್ ಈಗಿನ ಓಸ್ಲೋ, ಅಂದಿನ ಕ್ರಿಸ್ಟಿಯಾನಿಯಾದ ಟಿವೊಲಿ ಎಂಬ ಮನರಂಜನಾ ತೋಟದಲ್ಲಿ 'ಶಾ ನ್ವಾರ್' ಎಂಬ ಕ್ಯಾಬರೆ ತೆರೆದರು. ಊರಿಗೆ ಓಸ್ಲೋ ಎಂಬ ಹೆಸರು ಮರಳಿದ್ದು 1925ರಲ್ಲಿ. ಶಾ ನ್ವಾರ್ ಎಂದರೆ ಕರಿ ಬೆಕ್ಕು. ಹೆಸರು ಪ್ಯಾರಿಸ್‌ನ ಅದೇ ಹೆಸರಿನ ಕ್ಯಾಬರೆಯಿಂದ ತಂದದ್ದು. ಆ ಪ್ಯಾರಿಸ್ ಬೆಕ್ಕು 1897ರಲ್ಲೇ ಕಣ್ಣು ಮುಚ್ಚಿತ್ತು. 41ರ ಹೆಂಗಸೊಬ್ಬಳು ಸಾಕಿದ ಬೆಕ್ಕು ಓಸ್ಲೋದಲ್ಲಿ ನೂರು ವರ್ಷ ದಾಟಿಯೂ ಬದುಕಿದೆ. 'ಇಬ್ಸೆನ್ ನಂತರ ನಾರ್ವೆಯ ವೇದಿಕೆ ಮಂಕಾಯಿತು' ಎಂದು ಬರೆದ ಲೇಖಕರು ಆ ಬೆಕ್ಕನ್ನು ನೋಡಲೇ ಇಲ್ಲವೇ?

ಸಂಬಂಧದಿಂದಲೇ ಗುರುತಿಸಬೇಕೆಂದರೆ ಇನ್ನೊಬ್ಬರಿದ್ದಾರೆ. ವಕೀಲ ವಿಲ್ಹೆಲ್ಮ್ ಡಿಬ್ವಾಡ್ ಮೊದಲು, ಲೇಖಕರು ಮನಸಾರೆ ಹೊಗಳಿರುವ ಮಹಾನಟಿ ಯೊಹಾನ್ನೆ ಡಿಬ್ವಾಡ್ ಅವರ ಪತಿ. ಬಳಿಕ ಬೊಕ್ಕೆನ್ ಅವರ ಪತಿ. ಅವರೂ ಹಾಡು, ಪ್ರಹಸನ ಬರೆದವರೇ. ಆದರೂ 'ಇಂಥವರ ಗಂಡ' ಎಂದು ಪುರವಣಿಯಲ್ಲಿ ಅಚ್ಚಾಗುವ ಭಾಗ್ಯ ಅವರಿಗೆ ಬರಲಿಲ್ಲ!

ಬೊಕ್ಕೆನ್ 1970ರವರೆಗೆ, 99 ವರ್ಷ ಬದುಕಿದರು. ತಮ್ಮ ಕಥೆಯನ್ನು ತಾವೇ ಬರೆದಿಟ್ಟರು. ಮುಂದಿನ ಕಂತಿನಲ್ಲಿ ಅವರಿಗೆ ಅರ್ಧ ಕಾಲಂ ಆದರೂ ಕೊಡಿ. ಜೊತೆಗೆ ಚಿತ್ರ ಹಾಕುವುದಿದ್ದರೆ ಅಕ್ಕ ಭಾವಂದಿರದ್ದು ಬೇಡ.

ನಿವೃತ್ತ ಉಪನ್ಯಾಸಕಿ, ಮೈಸೂರು