ಬಿಸ್ಕತ್ತು ತಿಂದು ಮಲಗಬೇಡ ತಂಗಿ

ಕಾರವಾರ

ಪ್ರೀತಿಯ ತಂಗಿಗೆ ಅತ್ತೆಯ ಆಶೀರ್ವಾದ.

ಅಂಡಮಾನಿನಿಂದ ನಿನ್ನ ಕಾಗದ ಮೊನ್ನೆ ಬಂತು. ಬ್ಯಾಂಕಿನ ಕೆಲಸ, ಬಾಡಿಗೆ ಕೋಣೆ, ಸೆಲ್ಯುಲರ್ ಜೈಲು ನೋಡಿಬಂದದ್ದು ಎಲ್ಲ ಓದಿದೆ. ಆದರೆ ಕೊನೆಗೊಂದು ಸಾಲು ಬರೆದೆಯಲ್ಲ, ‘ಹೋಟೆಲಿನ ಬಾಗಿಲ ತನಕ ಹೋದೆ ಅತ್ತೆ, ಒಳಗೆ ಬರೀ ಗಂಡಸರು, ತಿರುಗಿ ಬಂದು ಬಿಸ್ಕತ್ತು ತಿಂದು ಮಲಗಿದೆ’ ಅಂತ, ಅದು ಎರಡು ರಾತ್ರಿಯಿಂದ ನನ್ನ ನಿದ್ದೆ ಕೆಡಿಸಿದೆ. ಒಂದು ದಿನದ ಮಾತೋ, ದಿನಾ ಹೀಗೆಯೋ? ನಿನ್ನ ಆಯಿಗೆ ಉಳಿದದ್ದೆಲ್ಲ ಓದಿ ಹೇಳಿದೆ, ಆ ಸಾಲು ಬಿಟ್ಟೆ.

ಸೀಬರ್ಡ್ ನೌಕಾನೆಲೆಗೆ ಅರ್ಗಾದ ಮನೆ ಹೋದದ್ದು, ಖಾನಾವಳಿ ಹಾಕಿದ್ದು ನಿನಗೆ ಗೊತ್ತಿರುವ ಕಥೆ. ಗೊತ್ತಿಲ್ಲದ್ದೊಂದಿದೆ. ಯಾರಿಗೂ ಹೇಳಿಲ್ಲ.

ಒಂದು ಮಳೆಗಾಲ. ಬೋಟು ಕಡಲಿಗಿಳಿಯದ ದಿನಗಳು, ನಮ್ಮಲ್ಲಿ ಬಳಚಿನ ಸಾರು, ಒಣ ಬಂಗಡೆ ಅಷ್ಟೇ. ಅರಬೈಲ್ ಘಟ್ಟದಲ್ಲಿ ಮರ ಬಿದ್ದು ಹುಬ್ಬಳ್ಳಿ ಬಸ್ಸು ತಡವಾಗಿತ್ತು. ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ಒಬ್ಬ ಹುಡುಗಿ, ಹೆಗಲ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ‘ಊಟ ಸಿಗ್ತದಾ ಅಕ್ಕ?’ ಅಂದಳು. ಒಳಗೆ ನಾಲ್ಕು ಜನ ಗಂಡಸರು ಉಣ್ಣುತ್ತಿದ್ದರು. ನನ್ನ ಕೈಯಲ್ಲಿ ಕಸಬರಿಗೆ. ಇವಳನ್ನು ಎಲ್ಲಿ ಕೂರಿಸಲಿ, ಯಾಕೆ ಬೇಕು ರಗಳೆ ಅಂತ ‘ಮುಗೀತು ತಂಗಿ’ ಅಂದುಬಿಟ್ಟೆ. ಪಾತ್ರೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಅಡುಗೆಮನೆಯಲ್ಲಿ ಒಂದು ಮಣೆ ಹಾಕಿದ್ದರೆ ಆಗುತ್ತಿತ್ತು. ಅವಳು ಎದುರಿನ ಗೂಡಂಗಡಿಗೆ ಹೋಗಿ ಬಿಸ್ಕತ್ತಿನ ಪೊಟ್ಟಣ ತಗೊಂಡು, ನೆನೆಯದ ಹಾಗೆ ಸೆರಗಿನಡಿ ಹಿಡಿದುಕೊಂಡು ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಕೂಗಿ ಕರೆಯಲಿಲ್ಲ.

ಹಾಗಾಗಿ ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಆದರೆ ಗಲ್ಲೆಯ ಮೇಲೆ ಅಷ್ಟು ವರ್ಷ ಕೂತವಳು ನಾನು. ಉಣ್ಣಲು ಬಂದವರ ಕಣ್ಣು ಹೆಚ್ಚಾಗಿ ತಮ್ಮ ತಾಟಿನ ಮೇಲೇ ಇರುತ್ತದೆ. ಹೊಸಬರು ಬಂದರೆ ಒಮ್ಮೆ ತಲೆ ಎತ್ತುತ್ತಾರೆ, ಮತ್ತೆ ಮುಳ್ಳು ಬಿಡಿಸಲು ಶುರುಮಾಡುತ್ತಾರೆ. ಆ ಒಂದು ಗಳಿಗೆ ದಾಟಿಬಿಡು ತಂಗಿ. ದಾಟಿ ಒಳಗೆ ಬಂದವರನ್ನು ನಾನೂ ಎಬ್ಬಿಸಿ ಕಳಿಸಿದ್ದಿಲ್ಲ. ಬಾಗಿಲಲ್ಲಿ ಅಳುಕುತ್ತ ನಿಂತವರಿಗೆ ‘ಇಲ್ಲ’ ಅನ್ನುವುದು ಸುಲಭ. ಗಲ್ಲೆಯ ಹತ್ತಿರದ ಮೇಜು ಹಿಡಿದು ಕೂತುಕೋ, ಗೋಡೆಗೆ ಮುಖ ಮಾಡಿ ಕೂರಬೇಡ.

ಮಾಳಿಗೆಯಲ್ಲಿ ಬಾಡಿಗೆಗಿರುವ ನೇವಿಯವರ ಹೆಂಡತಿ ಮೂರು ವರ್ಷ ಪೋರ್ಟ್ ಬ್ಲೇರಿನಲ್ಲಿ ಇದ್ದು ಬಂದವಳು. (2024ರಲ್ಲೇ ಅದಕ್ಕೆ ಶ್ರೀವಿಜಯಪುರಂ ಅಂತ ಹೆಸರಾಯಿತಂತೆ, ನನ್ನ ಬಾಯಿಗಿನ್ನೂ ಹೊಂದಿಲ್ಲ.) ಅವಳ ಹತ್ತಿರ ಕೇಳಿದೆ. ಅಲ್ಲಿ ನಮಗಿಂತ ಒಂದು ತಾಸಿಗೂ ಮೊದಲೇ ಹೊತ್ತು ಮುಳುಗುತ್ತದಂತೆ, ಡಿಸೆಂಬರಿನಲ್ಲಿ ಐದಕ್ಕೆಲ್ಲ ದೀಪ ಹಾಕಬೇಕಂತೆ. ಬೆಳಕಿರುವಾಗಲೇ ಉಂಡು ಬಾ ಅಂತ ಬರೆಯಹೊರಟವಳು ಸುಮ್ಮನಾದೆ, ಆಗ ನೀನು ಬ್ಯಾಂಕಿನಲ್ಲೇ ಇರುತ್ತೀ. ಹಾಗಾದರೆ ಮಧ್ಯಾಹ್ನದ ಊಟವನ್ನಾದರೂ ಗಟ್ಟಿ ಮಾಡು. ಆಗ ಮೀನು ಹೊಸದು, ಅನ್ನ ಬಿಸಿ, ಉಣ್ಣಲು ಹೆಂಗಸರೂ ಬರುತ್ತಾರೆ. ಅಬರ್ಡೀನ್ ಬಜಾರಿನಲ್ಲಿ ಗಡಿಯಾರದ ಕಂಬದ ಸುತ್ತಮುತ್ತ ತಮಿಳರ ಹೋಟೆಲುಗಳಿವೆಯಂತೆ, ಅನ್ನ ಸಾಂಬಾರು ಸಿಗುತ್ತದೆ. ಬಂಗಾಳಿಗಳ ಮೀನೂಟವೂ ಇದೆ. ದೇಶ ಭಾಗವಾದ ಮೇಲೆ, 1949ರಿಂದ, ಪೂರ್ವ ಬಂಗಾಳದ ನಿರಾಶ್ರಿತರನ್ನು ಅಲ್ಲಿ ತಂದು ನೆಲೆ ಮಾಡಿಸಿದ್ದಂತೆ. ಅವರೂ ಮನೆ ಬಿಟ್ಟು ಹೋದವರೇ. ಅವರ ಸಾರಿಗೆ ನಮ್ಮ ಹಾಗೆ ಕಾಯಿ ಅರೆದು ಹಾಕುವುದಿಲ್ಲ, ಸಾಸಿವೆ ಎಣ್ಣೆ. ಮೊದಲ ತುತ್ತಿಗೆ ಮೂಗಿಗೆ ಘಾಟು ಬಡಿಯುತ್ತದೆ, ಬಿಡಬೇಡ. ಹುರಿದ ತುಂಡನ್ನು ಮುರಿದು ನೋಡು: ಮಾಂಸ ಗಟ್ಟಿಯಾಗಿ ಪದರ ಪದರವಾಗಿ ಬಂದರೆ ಹೊಸ ಮೀನು, ಹಿಟ್ಟಿನ ಹಾಗೆ ಮೆತ್ತಗೆ ಉದುರಿದರೆ ಹಳೆಯದು. ಇದೆಲ್ಲ ನಿನಗೆ ಗೊತ್ತಿರಲೂಬಹುದು, ನಿನ್ನ ಆಯಿ ಮೀನು ಆರಿಸುವುದರಲ್ಲಿ ನನಗಿಂತ ಜಾಣೆ.

ನಡುಗಡ್ಡೆಯ ಊಟ ಅಂದರೆ ನನಗೆ ಗೊತ್ತಿರುವುದು ಕೂರ್ಮಗಡದ್ದು. ಚಿಕ್ಕವಳಿದ್ದಾಗ ಜನವರಿಯಲ್ಲಿ ನರಸಿಂಹನ ಜಾತ್ರೆಗೆ ದೋಣಿಯಲ್ಲಿ ಹೋಗಿದ್ದೆವು. ಅಲ್ಲೆಲ್ಲಿಯ ಹೋಟೆಲು? ನಮ್ಮ ಬುತ್ತಿ ಉಪ್ಪುನೀರಿನಲ್ಲಿ ನೆನೆದು ಹಾಳಾಗಿತ್ತು. ಮಾಜಾಳಿ ಕಡೆಯ ಹೆಂಗಸೊಬ್ಬಳು, ಗುರುತಿಲ್ಲ ಪರಿಚಯವಿಲ್ಲ, ತನ್ನ ಅವಲಕ್ಕಿಯಲ್ಲಿ ಅರ್ಧ ನನ್ನ ಲಂಗದ ಮಡಿಲಿಗೆ ಸುರಿದಳು. ಬೆಲ್ಲದ ಚೂರನ್ನೂ ಇಟ್ಟಳು. ಆ ಅವಲಕ್ಕಿ ತಿಂದವಳೇ ನಾನು, ಆ ಮಳೆಯ ರಾತ್ರಿ ಬಾಗಿಲು ಹಾಕಿಕೊಂಡದ್ದು. ಎಷ್ಟು ಸಲ ನೆನೆಸಿದರೂ ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆಗುತ್ತದೆ.

ರಾತ್ರಿ ಕೂತು ಉಣ್ಣಲು ಆಗಲೇ ಇಲ್ಲ ಅಂದರೆ ಡಬ್ಬಿ ಒಯ್ದು ಕಟ್ಟಿಸಿಕೊಂಡಾದರೂ ಬಾ. ಆದಷ್ಟು ಒಂದೇ ಹೋಟೆಲಿಗೆ ಹೋಗು. ನಾಲ್ಕು ದಿನ ಕಂಡ ಮುಖಕ್ಕೆ ನಾವು ಕೇಳದೆಯೇ ಸಾರು ಹಾಕುತ್ತಿದ್ದೆವು. ಅಲ್ಲಿಯವರು ಹೇಗೋ ಏನೋ, ಇಲ್ಲಿ ಕೂತು ನಾನು ಇನ್ನೇನು ಹೇಳಲಿ.

ಒಣ ಸಿಗಡಿಯ ಚಟ್ನಿಪುಡಿ ಮಾಡಿ ಎರಡು ಕೊಟ್ಟೆಯಲ್ಲಿ ಬಿಗಿದು ಕಳಿಸುತ್ತಿದ್ದೇನೆ. ಈ ಕಾಗದ ಮುಟ್ಟಿದ ರಾತ್ರಿ ಎಲ್ಲಿ ಕೂತು ಉಂಡೆ, ಏನು ಉಂಡೆ, ಅಷ್ಟು ಬರೆ. ಉಳಿದ ಸುದ್ದಿ ತಡವಾದರೂ ಅಡ್ಡಿಯಿಲ್ಲ.

ಇಂತಿ ನಿನ್ನ
ಅತ್ತೆ