‘ಯಾಕ?’ ಅಂತ ಕೇಳಿದವರಿಗೆಲ್ಲ

ನಮ್ಮ ವಿನ್ಯಾಸ ಡಿಪ್ಲೊಮಾದ ಕೊನೆಯ ಜ್ಯೂರಿ, ಅಂದರೆ ಪರೀಕ್ಷಕರ ಮುಂದೆ ಕೆಲಸ ಇಟ್ಟು ವಿವರಿಸುವ ಪರೀಕ್ಷೆ, ಹೋದ ವಾರ ಹುಬ್ಬಳ್ಳಿಯಲ್ಲಿ ಮುಗಿಯಿತು. ನಲವತ್ತು ದಾಟಿದ ಮೇಲೆ ಪಾಟಿಚೀಲ ಹೆಗಲಿಗೇರಿಸಿದ ನಾವು ಐದೂ ಮಂದಿ ಪಾಸಾಗಿದ್ದೇವೆ. ಧಾರವಾಡದ ಕಸೂತಿ ಅಕ್ಕಂದಿರು, ಬೆಟಗೇರಿಯ ನೇಕಾರರು, ಗದಗಿನ ಪ್ರೆಸ್ಸಿನವರು, ನಮ್ಮ ಗುರುಗಳು, ಮಕ್ಕಳ ವಯಸ್ಸಿನ ಸಹಪಾಠಿಗಳು, ಇವರೆಲ್ಲ ಎರಡು ವರ್ಷ ಬೇಸರಿಸದೆ ‘ಯಾಕ?’ ಎಂದು ಕೇಳಿದ್ದರಿಂದ ಇದಾಯಿತು. ಅವರಿಗೆ ಬರೀ ‘ಥ್ಯಾಂಕ್ಸ್’ ಅಂದರೆ ಸಾಲದು. ಅವರಿಂದ ಕಲಿತದ್ದನ್ನು ಬಿಡಿಸಿ ಹೇಳಿಯೇ ಋಣ ಒಪ್ಪಿಕೊಳ್ಳಬೇಕು.

ವಯಸ್ಸಾದ ವಿದ್ಯಾರ್ಥಿಯ ಕೈ ಪಳಗಿರುತ್ತದೆ, ಬಾಯಿ ಪಳಗಿರುವುದಿಲ್ಲ. ಟೇಲರಿಂಗ್, ಡಿಟಿಪಿ, ಬೋರ್ಡ್ ಬರೆಯುವ ಕೆಲಸ ಮಾಡಿ ಬಂದವರ ಹತ್ತಿರ ಮೂರು ಉತ್ತರ ಸಿದ್ಧ ಇರುತ್ತವೆ: ‘ಚಂದ ಕಾಣಸ್ತದ’, ‘ಗಿರಾಕಿ ಹಿಂಗ ಬೇಕಂದ್ರು’, ‘ಮೊದಲಿಂದ ಹಿಂಗ ಮಾಡ್ಕೋತ ಬಂದೀವಿ’. ಮೂರೂ ಸುಳ್ಳಲ್ಲ. ಕಾರಣ ಕೈಯೊಳಗೆ ಇಳಿದುಹೋಗಿರುತ್ತದೆ, ಅದನ್ನು ಮಾತಿಗೆ ತರುವ ಪ್ರಸಂಗವೇ ಬಂದಿರುವುದಿಲ್ಲ. ಅದನ್ನು ಹೊರಗೆ ಎಳೆಯುವುದು ಹೇಗೆಂದು ಮೊದಲು ತೋರಿಸಿದವರು ಕಸೂತಿ ಅಕ್ಕಂದಿರು.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಟ್ರೇಸಿಂಗ್ ಇಲ್ಲ, ಎಳೆ ಎಣಿಸಿಯೇ ಸೂಜಿ ಹಾಕಬೇಕು. ನಾವು ಗ್ರಾಫ್ ಹಾಳೆಯ ಮೇಲೆ 15 ಚೌಕ ಅಗಲ, 15 ಚೌಕ ಎತ್ತರದ ಗೋಪುರ ಬರೆದುಕೊಂಡು ಹೋದರೆ ಅಕ್ಕಂದಿರ ಮೊದಲ ಪ್ರಶ್ನೆ ಚಿತ್ತಾರದ ಬಗ್ಗೆ ಇರಲೇ ಇಲ್ಲ. ಬಟ್ಟೆಯ ಹಾಸು (ಉದ್ದ ಎಳೆ) ಎಷ್ಟು, ಹೊಕ್ಕು (ಅಡ್ಡ ಎಳೆ) ಎಷ್ಟು ಎಂದು ಕೇಳಿದರು. ಒಂದು ಇಂಚಿಗೆ ಹಾಸಿನ ಎಳೆ 60, ಹೊಕ್ಕಿನ ಎಳೆ 52 ಇದ್ದ ಬಟ್ಟೆ ಅದು. ಚೌಕಕ್ಕೆ 4 ಎಳೆಯ ಲೆಕ್ಕದಲ್ಲಿ 15 ಚೌಕಕ್ಕೆ 60 ಎಳೆ. ಅಡ್ಡಕ್ಕೆ ಎಣಿಸುವುದು ಹಾಸಿನ ಎಳೆ, ಹಾಗಾಗಿ ಸರಿಯಾಗಿ 1 ಇಂಚು. ಉದ್ದಕ್ಕೆ ಎಣಿಸುವುದು ಹೊಕ್ಕಿನ ಎಳೆ, 60ನ್ನು 52ರಿಂದ ಭಾಗಿಸಿದರೆ ಸುಮಾರು 1.15 ಇಂಚು. ಹಾಳೆಯ ಮೇಲೆ ಚೌಕಾಗಿದ್ದ ಗೋಪುರ ಸೀರೆಯ ಮೇಲೆ ಸಣಕಲಾಗಿ ನಿಲ್ಲುತ್ತದೆ. 13 ಸಾಲಿಗೆ ಇಳಿಸಿದರೆ 13 ನಾಕಲೇ 52, ಮತ್ತೆ ಸರಿಯಾಗಿ 1 ಇಂಚು.

ಯಾವ ಎರಡು ಸಾಲು ತೆಗೆಯಬೇಕು ಎನ್ನುವುದಕ್ಕೂ ಕಾರಣ ಬೇಕು. ಕಳಸದಿಂದ ತೆಗೆದರೆ ಗೋಪುರದ ಗುರುತೇ ಹೋಗುತ್ತದೆ. ನಡುವೆ ಮರುಕಳಿಸುವ ಮೆಟ್ಟಿಲುಗಳಿಂದ ತೆಗೆದರೆ ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಅಲ್ಲೂ ಒಂದು ತೊಡಕಿದೆ. ಗವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಹಾಗಾಗಿ ಸೀರೆಯ ಹಿಂದೆ ಮುಂದೆ ಒಂದೇ ಚಿತ್ತಾರ, ಗಂಟಿಲ್ಲ. ಸಾಲು ಕಿತ್ತರೆ ಮರಳುವ ದಾರಿ ತುಂಡಾಗಬಹುದು, ಆಗ ದಾರ ಹಿಂಬದಿಯಲ್ಲಿ ಅಡ್ಡ ಹಾಯುತ್ತದೆ. ಆದ್ದರಿಂದ ಹೊಸ ಗ್ರಾಫಿನ ಮೇಲೆ ಸೂಜಿಯ ದಾರಿಯನ್ನು ಬೆರಳಿನಿಂದ ಒಮ್ಮೆ ಪೂರ್ತಿ ನಡೆಸಿ ನೋಡಿದ ಮೇಲೆಯೇ ದಾರ ಪೋಣಿಸಬೇಕು. ಜ್ಯೂರಿಯಲ್ಲಿ ‘ಗೋಪುರದ ಎತ್ತರ ಯಾಕೆ ಕಡಿಮೆ?’ ಎಂಬ ಪ್ರಶ್ನೆ ಬಂದಾಗ ಈ ಲೆಕ್ಕ, ಸಣಕಲು ಬಂದ ಮಾದರಿ, ಸರಿಯಾದ ಮಾದರಿ, ಮೂರನ್ನೂ ಮೇಜಿನ ಮೇಲಿಟ್ಟರೆ ಸಾಕಾಯಿತು.

ಎಳೆ ಎಣಿಸುವ ಕ್ರಮ ಕಲಿಸಿದವರು ಬೆಟಗೇರಿಯ ನೇಕಾರರು: ಬಟ್ಟೆ ಒಮ್ಮೆ ನೀರಿಗೆ ಹಾಕಿ, ಗಂಜಿ ಹೋದ ಮೇಲೆ, ಮೂರು ಕಡೆ ಎಣಿಸಿ. ಕೈಮಗ್ಗದ ಹೊಕ್ಕು ಒಂದೇ ಬಿಗಿಯಲ್ಲಿ ಬೀಳುವುದಿಲ್ಲ.

ಗದಗಿನ ಪ್ರೆಸ್ಸಿನವರ ಋಣ ಬೇರೆ ತರಹದ್ದು. ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣಕ್ಕೆ ಮಾಡಿದ ವಿನ್ಯಾಸದಲ್ಲಿ ಕೆಂಪು ಹಿನ್ನೆಲೆಯ ಮೇಲೆ 7 ಪಾಯಿಂಟ್ ಬಿಳಿ ಕನ್ನಡ ಅಕ್ಷರ ಇತ್ತು. ಕಂಪ್ಯೂಟರಿನಲ್ಲಿ ಸೊಗಸು. ಪ್ರೂಫಿನಲ್ಲಿ, ಅಂದರೆ ಮೊದಲ ಮಾದರಿ ಮುದ್ರಣದಲ್ಲಿ, ಅಕ್ಷರದ ಹೊಟ್ಟೆಯೆಲ್ಲ ತುಂಬಿಕೊಂಡಿತ್ತು. ಮೆಜೆಂಟಾ (ಕಡು ಗುಲಾಬಿ), ಹಳದಿ ಎರಡು ಪ್ಲೇಟಿನಿಂದ (ಬಣ್ಣಕ್ಕೊಂದು ಅಚ್ಚು) ಬರುವ ಕೆಂಪು ಅದು. ರಜಿಸ್ಟ್ರೇಷನ್, ಅಂದರೆ ಎರಡು ಪ್ಲೇಟುಗಳ ಹೊಂದಾಣಿಕೆ, ಕೂದಲೆಳೆಯಷ್ಟು ಸರಿದರೂ ನಡುವೆ ಉಳಿದ ಬಿಳಿ ಗೆರೆಯನ್ನು ಒಂದು ಬಣ್ಣ ತಿಂದುಬಿಡುತ್ತದೆ. ಲೆನ್ಸ್ ಕೊಟ್ಟು ತೋರಿಸಿದರು: ಒತ್ತಕ್ಷರಗಳಿಗೇ ಮೊದಲ ಪೆಟ್ಟು. ಸಣ್ಣ ಅಕ್ಷರವನ್ನು ಬಿಳಿ ಪಟ್ಟಿಯ ಮೇಲೆ, ಒಂದೇ ಕಪ್ಪು ಪ್ಲೇಟಿನಲ್ಲಿ ಹಾಕಿದ್ದಕ್ಕೆ ಇದೇ ಕಾರಣ. ಸಾಲುಗಳ ನಡುವಿನ ಜಾಗವೂ ಅಷ್ಟೇ. ಇಂಗ್ಲಿಷಿಗೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು ನಡೆಯುತ್ತದೆ. ಕನ್ನಡದಲ್ಲಿ ‘ರಾಷ್ಟ್ರ’ದ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. 15 ಪಾಯಿಂಟ್ ಇಟ್ಟಾಗ ಉಸಿರಾಡಿತು. ಪರೀಕ್ಷೆಗೆ ‘ರಾಷ್ಟ್ರ’, ‘ಸ್ತ್ರೀ’ ಇರುವ ಸಾಲನ್ನೇ ಬಳಸಬೇಕು. ‘ಕಮಲ’, ‘ಬಸವ’ ಯಾವ ಅಂತರದಲ್ಲೂ ಚೆನ್ನಾಗಿಯೇ ಕಾಣುತ್ತವೆ.

ಪೊಟ್ಟಣದ ಪಾರದರ್ಶಕ ಕಿಟಕಿಯನ್ನು ಚಿಕ್ಕದು ಮಾಡಿದ್ದು ಯಾಕೆಂದೂ ಜ್ಯೂರಿಯಲ್ಲಿ ಕೇಳಿದರು. ಬೆಳಕು ಬಿದ್ದಷ್ಟೂ ಮೆಣಸಿನಕಾಯಿಯ ಕೆಂಪು ಮಾಸುತ್ತದೆ. ಬ್ಯಾಡಗಿಯ ಬೆಲೆ ಇರುವುದೇ ಬಣ್ಣದಲ್ಲಿ. ಕಾಯಿಯ ಸುಕ್ಕು ಕಂಡರೆ ಕೊಳ್ಳುವವರಿಗೆ ಸಾಕು.

ನಮ್ಮ ಗುರುಗಳು ಹಿಡಿಸಿದ ಒಂದು ರೂಢಿಗೆ ಜೀವನಪೂರ್ತಿ ಋಣಿಗಳು. ನಿರ್ಧಾರ ಮಾಡಿದ ದಿನವೇ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಬೇಕು: ಯಾವ ತೊಂದರೆ ಇತ್ತು, ಯಾವ ಯಾವ ದಾರಿ ನೋಡಿದೆವು, ಯಾವುದನ್ನು ಯಾಕೆ ಬಿಟ್ಟೆವು, ಹೇಗೆ ಪರೀಕ್ಷಿಸಿದೆವು. ಹದಿನೈದು ದಿನ ಬಿಟ್ಟು ಬರೆದರೆ ಮನಸ್ಸು ಹೊಸ ಕಾರಣ ಹೊಸೆದು ಕೊಡುತ್ತದೆ, ಮತ್ತು ಅದನ್ನು ನಾವೇ ನಂಬುತ್ತೇವೆ. ಹೊಸೆದ ಕಾರಣವನ್ನು ಹಿಡಿಯುವ ಉಪಾಯವನ್ನೂ ಅವರೇ ಹೇಳಿದರು: ಆ ಕಾರಣ ಕೈಬಿಟ್ಟ ಡಿಸೈನಿಗೂ ಹೊಂದುತ್ತದೆಯೇ ನೋಡಿ. ‘ಸರಳವಾಗಿದೆ, ಸಾಂಪ್ರದಾಯಿಕವಾಗಿದೆ’ ಎನ್ನುವುದು ನೋಡಿದ ಎಲ್ಲ ಡಿಸೈನಿಗೂ ಹೊಂದಿದರೆ ಅದು ಕಾರಣವಲ್ಲ, ಹೊಗಳಿಕೆ. ಬರೀ ಇಷ್ಟಪಟ್ಟು ಮಾಡಿದ್ದನ್ನು ‘ಇದು ನಮ್ಮ ಇಷ್ಟ’ ಎಂದೇ ಹೇಳಬಹುದು. ಪರೀಕ್ಷಿಸದ್ದನ್ನು ‘ನೋಡಿಲ್ಲ’ ಎನ್ನಬಹುದು. ಜ್ಯೂರಿಯವರು ಎರಡನ್ನೂ ಗೌರವದಿಂದ ಕೇಳಿಸಿಕೊಂಡರು.

ಕನ್ನಡದಲ್ಲಿ ವಿವರಿಸಲು ಬಿಟ್ಟಿದ್ದು ಗುರುಗಳ ಇನ್ನೊಂದು ಉಪಕಾರ. ‘ಹೈರಾರ್ಕಿ’ ಎಂದು ಹೇಳಿ ದಾಟಿಕೊಳ್ಳುವುದು ಸುಲಭ. ‘ಮೊದಲ ಯಾವುದು ಕಣ್ಣಿಗೆ ಬೀಳಬೇಕು, ಆಮ್ಯಾಲ ಯಾವುದು, ಯಾಕ?’ ಎಂದು ಧಾರವಾಡದ ಮಾತಿನಲ್ಲಿ ಹೇಳಹೊರಟರೆ ಗೊತ್ತಿಲ್ಲದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಸಹಪಾಠಿ ಹುಡುಗ ಹುಡುಗಿಯರೇ, ಜ್ಯೂರಿಗೆ ಮೂರು ದಿನ ಮೊದಲು ಗಡಿಯಾರ ಹಿಡಿದು ಕೂತು, ಹತ್ತು ನಿಮಿಷದ ಮಾತಿನಲ್ಲಿ ನಾಲ್ಕು ನಿಮಿಷ ಪೀಠಿಕೆಗೇ ಹೋಗುತ್ತಿದೆ ಎಂದು ಹೇಳಿದ್ದಕ್ಕೆ ನಿಮಗೆ ವಿಶೇಷ ವಂದನೆ. ಯಾರಿಗಾಗಿ ಮಾಡಿದ್ದು, ಯಾವ ಅಡಚಣೆ ಇತ್ತು ಎಂಬ ಎರಡು ವಾಕ್ಯದಿಂದಲೇ ಶುರು ಮಾಡಿದ್ದು ನಿಮ್ಮ ಮಾತಿನಿಂದ. ಮನೆಯವರಿಗೂ ವಂದನೆಗಳು, ರಾತ್ರಿ ಊಟದ ಹೊತ್ತಿನಲ್ಲೂ ಅವರು ಪ್ರೂಫ್ ಹಾಳೆ ನೋಡಿದ್ದಾರೆ.

13 ಸಾಲಿನ ಗ್ರಾಫ್ ಮತ್ತು ಎರಡೂ ಮಾದರಿ ತುಂಡುಗಳನ್ನು ಬರುವ ಸೋಮವಾರ ಧಾರವಾಡದ ಅಕ್ಕಂದಿರಿಗೆ ತಲುಪಿಸುತ್ತೇವೆ. ಹೊಸದಾಗಿ ಕಲಿಯಲು ಬರುವವರಿಗೆ ತೋರಿಸಲು ಸಣಕಲು ಗೋಪುರವೇ ಬೇಕೆಂದು ಅವರು ಕೇಳಿದ್ದಾರೆ.